ಅಂಬಿಗಿತ್ತಿ ಆಡದ ಮಾತು

ಬಹಳ ಬಹಳ ಹಿಂದೆ, ಹೊಳೆಗೆ ಸೇತುವೆ ಕಟ್ಟಬಹುದೆಂದು ಇನ್ನೂ ಯಾರಿಗೂ ಹೊಳೆಯದಿದ್ದ ಕಾಲಕ್ಕೆ, ಸಿರಿವೊಳಲು ಎಂಬ ಒಂದು ನಾಡಿತ್ತು. ಬೆಳ್ಳಿಹೊಳೆ ಆ ನಾಡನ್ನು ಬಳೆಯ ಹಾಗೆ ಬಳಸಿಕೊಂಡು ಹರಿಯುತ್ತಿತ್ತು. ಒಳಗೆ ಬರಬೇಕಾದರೂ ಹೊರಗೆ ಹೋಗಬೇಕಾದರೂ ಹರಿಗೋಲೇ ಗತಿ. ಆ ಹರಿಗೋಲು ನಡೆಸುತ್ತಿದ್ದವರು ಗಂಡ ಹೆಂಡತಿ ಇಬ್ಬರು. ಗಂಡನ ಹೆಸರು ಜಟ್ಟೆಪ್ಪ, ಹೆಂಡತಿಯ ಹೆಸರು ಮಾಳವ್ವ.

ಜಟ್ಟೆಪ್ಪ ಮಾತಿಗೆ ಬಡವ. ಅವನು ‘ಹೂಂ’ ಎಂದರೆ ಅದೇ ಒಂದು ಪುರಾಣ. ಮಾಳವ್ವನ ನಾಲಿಗೆಯೋ, ಅವಳ ಕೈಯ ಹುಟ್ಟಿಗಿಂತ ಚುರುಕು. ಇಷ್ಟು ಮಾತಿನ ಹೆಂಗಸು ಒಂದೇ ಒಂದು ಮಾತನ್ನು ಮಾತ್ರ ಬಾಯಿಂದ ಹೊರಗೆ ಬಿಟ್ಟಿರಲಿಲ್ಲ. ಅದು ಗಂಡನ ಹೆಸರು. ಮದುವೆಯ ದಿನ ನೆಂಟರೆಲ್ಲ ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಸೇರಿಸಿ ಪದ ಕಟ್ಟಿ ಒಂದು ಒಡಪು ಹೇಳಿದರೇ ಒಳಗೆ ಬಿಡುತ್ತೇವೆ ಎಂದಿದ್ದರು. ಮಾಳವ್ವ ತುಟಿ ಬಿಗಿದುಕೊಂಡು ನಿಂತವಳು, ಯಾರದೋ ತೋಳಿನಡಿ ನುಸುಳಿ ಒಳಗೆ ಓಡಿಬಿಟ್ಟಿದ್ದಳು. ಅಂದಿನಿಂದ ಪ್ರತಿ ಯುಗಾದಿಗೆ ಬೇವುಬೆಲ್ಲ ತಿಂದಾದ ಮೇಲೆ ಜಟ್ಟೆಪ್ಪ ಕೇಳುತ್ತಿದ್ದ, “ಒಮ್ಮೆರೆ ನನ್ನ ಹೆಸರು ಹೇಳಲ್ಲಾ?”

“ಗಂಡನ ಹೆಸರು ಹೇಳಿದ್ರ ಆಯುಷ್ಯ ಕಡಿಮಿ ಆಗತೈತಂತ. ಸುಮ್ನ ಕುಂಡ್ರಿ,” ಎನ್ನುತ್ತಿದ್ದಳು ಮಾಳವ್ವ. ಇಪ್ಪತ್ತು ಯುಗಾದಿ ಹೀಗೇ ಕಳೆದಿದ್ದವು.

ಸಿರಿವೊಳಲಿನ ಜನ ಮಾತಿನಲ್ಲಿ ಬಹಳ ನಯದವರು. ಕೆಟ್ಟ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ. ದೀಪ ಆರಿಸು ಎನ್ನುವ ಬದಲು ದೀಪ ದೊಡ್ಡದು ಮಾಡು ಎನ್ನುವರು. ಅಕ್ಕಿ ತೀರಿದರೆ ಅಕ್ಕಿ ಹೆಚ್ಚಿತು ಎನ್ನುವರು. ಬಳೆ ಒಡೆದರೂ ಬಳೆ ಹೆಚ್ಚಿತು ಎಂದೇ. ಹೊರಟವರು ಬರಿದೇ ‘ಹೋಗುತ್ತೇನೆ’ ಎಂದರೋ ಮುಗಿಯಿತು, ಹಿರಿಯರು ಅವರನ್ನು ಮತ್ತೆ ಒಳಗೆ ಕರೆದು ಕೂರಿಸಿ, ನೀರು ಕುಡಿಸಿ, ‘ಹೋಗಿ ಬರುತ್ತೇನೆ’ ಎಂದು ಹೇಳಿಸಿಯೇ ಕಳಿಸುವರು. ಕಳಿಸುವವರೂ ‘ಹೋಗಿ ಬನ್ನಿ’ ಎನ್ನಬೇಕು. ಮಾಳವ್ವ ದಿನಕ್ಕೆ ನೂರು ಜನರನ್ನು ದಂಡೆಗೆ ಇಳಿಸಿ ನೂರು ಸಲ ‘ಹೋಗಿ ಬರ್ರಿ’ ಎನ್ನುತ್ತಿದ್ದಳು. ಈ ನಯವೇ ಒಂದು ದಿನ ಆ ನಾಡಿಗೆ ಮುಳುವಾಯಿತು.

ಏಳು ಕಡಲಿನಾಚೆ, ಬಡಗಣ ತುದಿಯಲ್ಲಿ, ಆರು ತಿಂಗಳು ಇರುಳೇ ಇರುವ ಹಿಮದ ನಾಡೊಂದಿದೆ. ಅಲ್ಲಿಯ ದೇವತೆಗಳು ಕಾಮನಬಿಲ್ಲಿನ ಮೇಲೆ ನಡೆದಾಡುವವರು. ಅವರಲ್ಲೊಬ್ಬ ಕಪಟದೇವ. ಕೆಂಡದಂಥ ಕೆಂಪು ಕೂದಲು. ಒಂದು ಗಳಿಗೆ ಮೀನಾಗುವನು, ಒಂದು ಗಳಿಗೆ ನೊಣವಾಗುವನು, ಮನಸ್ಸು ಬಂದರೆ ಹೆಣ್ಣುಕುದುರೆಯೂ ಆಗುವನು. ಅವನ ಹೆಸರು ನನಗೆ ಗೊತ್ತು, ಆದರೆ ಹೇಳುವುದಿಲ್ಲ. ಕರೆಯದೆ ಯಾರ ಮನೆಗೂ ಬರಲಾರ, ಕರೆದರೆ ಬರದೆ ಇರಲಾರ. ಅವನಿಗಿದ್ದ ಕಟ್ಟು ಅದೊಂದೇ.

ಅವನು ತನ್ನವರಿಗೆ ಮಾಡಬಾರದ ಕೇಡು ಮಾಡಿ, ಅವರ ಕೈಯಿಂದ ತಪ್ಪಿಸಿಕೊಂಡು, ದಾರಿಹೋಕನ ವೇಷದಲ್ಲಿ ಸಿರಿವೊಳಲಿನ ಹೊಳೆಯ ಆಚೆ ದಡಕ್ಕೆ ಬಂದು ನಿಂತ. ಯಾರೋ ದಣಿದ ಪರದೇಶಿ ಎಂದು ಜನ ಒಳಗೆ ಕರೆದರು. ದೊರೆ ಸತ್ಯಕೇತು ಅವನಿಗೆ ಮೂರು ದಿನ ಉಣಿಸಿ, ಉಡಿಸಿ, ಹೊರಟಾಗ ತಾನೇ ಹೊಳೆಯ ದಂಡೆಯವರೆಗೆ ಬಂದು ಕೈಮುಗಿದ.

“ಸಂಕೋಚ ಬೇಡ. ಇದು ನಿಮ್ಮದೇ ರಾಜ್ಯ ಅಂತ ತಿಳಿಯಿರಿ. ಹೋಗಿ ಬನ್ನಿ.”

ಪರದೇಶಿ ನಕ್ಕ. ಮಾಳವ್ವ ಅವನನ್ನು ದಾಟಿಸುವಾಗ ನಡುಹೊಳೆಯಲ್ಲಿ ಒಂದು ಸಂಗತಿ ನಡೆಯಿತು. ಮೇಲೆತ್ತಿದ ಹುಟ್ಟಿನಿಂದ ಒಂದು ಹನಿ ನೀರು ಅವನ ಕೆನ್ನೆಗೆ ಬಿತ್ತು. ಅವನು ಚೇಳು ಕಡಿದವರಂತೆ ಹಾರಿಬಿದ್ದು, ಪಕ್ಕದಲ್ಲಿ ಯಾರೋ ಇದ್ದಾರೆ ಎಂಬಂತೆ ತಿರುಗಿ, “ಬಟ್ಟಲು! ಬಟ್ಟಲು ಹಿಡಿ!” ಎಂದು ಕೂಗಿದ. ಪಕ್ಕದಲ್ಲಿ ಯಾರೂ ಇರಲಿಲ್ಲ. ಅವನ ಕೆನ್ನೆಯ ತುಂಬ ಸುಟ್ಟ ಹಳೆಯ ಕಲೆಗಳಿದ್ದುದನ್ನು ಮಾಳವ್ವ ಆಗ ನೋಡಿದಳು. ಏನೂ ಕೇಳಲಿಲ್ಲ. ಅಂಬಿಗರು ದಾಟಿಸಿದವರ ಗುಟ್ಟನ್ನು ಹೊಳೆಗೆ ಬಿಟ್ಟುಬಿಡುತ್ತಾರೆ.

ತಿಂಗಳು ತುಂಬುವುದರೊಳಗೆ ಅವನು ತಿರುಗಿ ಬಂದ. ನೇರವಾಗಿ ಆಸ್ಥಾನಕ್ಕೆ ಹೋಗಿ ಗದ್ದುಗೆಯ ಮುಂದೆ ನಿಂತು ಕೇಳಿದ, “ಇದು ನಿಮ್ಮದೇ ರಾಜ್ಯ ಎಂದವರು ನೀವೇ ಅಲ್ಲವೇ? ಹೋಗಿ ಬನ್ನಿ ಎಂದವರೂ ನೀವೇ ಅಲ್ಲವೇ? ನಾನು ಹೋಗಿ ಬಂದೆನಲ್ಲವೇ?”

ಅದು ಉಪಚಾರದ ಮಾತಪ್ಪ ಎಂದು ಸತ್ಯಕೇತು ಅಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ದೊಡ್ಡವರ ಹಟವೂ ದೊಡ್ಡದು. ಅವನ ವಂಶದಲ್ಲಿ ಆಡಿದ ಮಾತಿಗೆ ತಪ್ಪಿದವರಿಲ್ಲ. ಅವನು ಕಿರೀಟ ತೆಗೆದು ಪಕ್ಕಕ್ಕಿಟ್ಟು, ಮೆಲ್ಲಗೆ ಗದ್ದುಗೆಯಿಂದ ಇಳಿದುಬಿಟ್ಟ.

ಕಪಟದೇವ ಗದ್ದುಗೆಯ ಮೇಲೆ ಕೂತು ಒಂದೇ ಒಂದು ಆಜ್ಞೆ ಹೊರಡಿಸಿದ. “ನನ್ನ ಕಾಲು ಈ ನಾಡಿನಲ್ಲಿ ಇರುವವರೆಗೆ ಇಲ್ಲಿ ಆಡಿದ ಮಾತೆಲ್ಲ ನಿಜವಾಗಲಿ. ನನ್ನ ಮೇಲೆ ಮಾತ್ರ ನನ್ನ ಮಾತಲ್ಲದೆ ಬೇರೆಯವರ ಮಾತು ನಡೆಯದಿರಲಿ.”

ಮುದಿ ಮಂತ್ರಿಗೆ ಇದರ ಅಪಾಯ ಹೊಳೆಯಿತು. ಎಚ್ಚರಿಸಲೆಂದು ಎದ್ದು ನಿಂತು ಗಾದೆ ಹೇಳಿದ, “ಮಹಾಪ್ರಭು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು!” ಹೇಳಿದ್ದೇ ತಡ, ಅದೂ ನಿಜವಾಯಿತು. ಅಂದಿನಿಂದ ಒಮ್ಮೆ ಆಡಿದ್ದನ್ನು ಇನ್ನೊಂದು ಮಾತಿನಿಂದ ಅಳಿಸಲು ಯಾರಿಗೂ ಆಗಲಿಲ್ಲ. ಪಾಪ, ಮಂತ್ರಿ ಒಳ್ಳೆಯದಕ್ಕೇ ಹೇಳಿದ್ದ.

ಮೊದಲ ದಿನ ನಾಡಿಗೆಲ್ಲ ಹಬ್ಬ. ‘ನನ್ನ ಮಗ ನಡೀತಾನ’ ಎಂದಳು ಒಬ್ಬ ತಾಯಿ, ಕುಂಟ ಮಗ ಎದ್ದು ನಡೆದ. ‘ಬಾವ್ಯಾಗ ನೀರು ಬಂದಾವ’ ಎಂದ ಒಬ್ಬ ಮುದುಕ, ಒಣಗಿದ ಬಾವಿ ತುಂಬಿತು. ಇಂಥ ದೊರೆ ಹಿಂದೆ ಇರಲಿಲ್ಲ, ಮುಂದೆ ಬರುವುದಿಲ್ಲ ಎಂದು ಜನ ಕುಣಿದರು.

ಅದೇ ರಾತ್ರಿ, ಮಲಗುವ ಹೊತ್ತಿಗೆ, ಅತ್ತೆಯೊಬ್ಬಳು ಸೊಸೆಗೆ ಹೇಳಿದಳು, “ದೀಪ ದೊಡ್ಡದ ಮಾಡವಾ.” ದೀಪ ದೊಡ್ಡದಾಯಿತು. ಸೂರು ಮುಟ್ಟಿತು, ಸೂರು ದಾಟಿತು, ಬೆಳಗಾಗುವಷ್ಟರಲ್ಲಿ ಒಂದು ಕೇರಿ ಇರಲಿಲ್ಲ. ಮರುದಿನ ಇನ್ನೊಬ್ಬಳು ಗಡಿಗೆಯ ತಳ ಕೆರೆದು ಅಕ್ಕಿ ಹೆಚ್ಚಿತು ಎಂದಳು. ಅಕ್ಕಿ ಗಡಿಗೆ ಒಡೆದು, ಬಾಗಿಲು ಒಡೆದು, ಬೀದಿ ತುಂಬಿ, ಮಳೆಗೆ ಕೊಳೆತು ನಾರಿತು. ಹಟ ಮಾಡಿದ ಮಕ್ಕಳನ್ನು ತಾಯಂದಿರು ರೂಢಿಯಂತೆ ‘ಕತ್ತೆ’ ಎಂದರು. ಹನ್ನೆರಡು ಮನೆಗಳಲ್ಲಿ ಹನ್ನೆರಡು ತಾಯಂದಿರು ಕತ್ತೆಮರಿಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತರು. ಆ ಮರಿಗಳ ಕೊರಳಲ್ಲಿ ಇನ್ನೂ ಮಕ್ಕಳ ತಾಯತಗಳಿದ್ದವು.

ಜನ ಅರಮನೆಯ ಮುಂದೆ ನೆರೆದು ಗೋಳಿಟ್ಟರು. ಕೆಂಗೂದಲ ದೊರೆ ಉಪ್ಪರಿಗೆಯಿಂದ ಬಗ್ಗಿ ಕೇಳಿದ, “ನಾನು ಯಾರನ್ನಾದರೂ ಹೊಡೆದೆನೇ? ಯಾರಿಂದಲಾದರೂ ಕಿತ್ತುಕೊಂಡೆನೇ? ಆಡಿದ ಮಾತು ನಿಮ್ಮವೇ ಅಲ್ಲವೇ?”

ಅದೇ ಅವನ ರಾಜ್ಯಭಾರ. ದಂಡು ಬೇಡ, ಚಾವಟಿ ಬೇಡ. ಜನರ ನಾಲಿಗೆಯನ್ನೇ ಜನರ ಮೇಲೆ ಬಿಟ್ಟು ನೋಡುತ್ತ ಕೂರುವುದು. ಕೊನೆಗೆ ಇಡೀ ನಾಡು ಬಾಯಿ ಮುಚ್ಚಿಕೊಂಡಿತು. ಸಂತೆಯಲ್ಲಿ ಬೆರಳು ತೋರಿಸಿ ಕೊಂಡರು. ತಾಯಂದಿರು ಮಾತಿಲ್ಲದ ಜೋಗುಳ ಹಾಡಿದರು. ಮೌನ ಬಂಗಾರ ಎನ್ನುತ್ತಾರೆ. ಆ ನಾಡಿನ ತುಂಬ ಈಗ ಅಂಥ ಬಂಗಾರವೇ, ಯಾರಿಗೂ ಬೇಡವಾದ ಬಂಗಾರ.

ಮಾಳವ್ವನೂ ಹಲ್ಲು ಕಚ್ಚಿಕೊಂಡು ಎರಡು ತಿಂಗಳು ಸುಮ್ಮನಿದ್ದಳು. ಅವಳಿಗೆ ಅದೆಷ್ಟು ಕಷ್ಟವಾಗಿತ್ತೋ ಮಾತಿನ ರುಚಿ ಬಲ್ಲವರೇ ಬಲ್ಲರು. ಒಂದು ದಿನ ಬುತ್ತಿ ತೆಗೆದುಕೊಂಡು ದಂಡೆಗೆ ಬರುತ್ತಾಳೆ, ಹರಿಗೋಲು ಹಗ್ಗ ಬಿಚ್ಚಿಕೊಂಡು ನಡುಹೊಳೆಯಲ್ಲಿ ತೇಲಿಹೋಗುತ್ತಿದೆ. ಜಟ್ಟೆಪ್ಪ ಬಿಚ್ಚಿದ ಹಗ್ಗದ ತುದಿ ಕೈಯಲ್ಲಿ ಹಿಡಿದುಕೊಂಡು, ಕೊಕ್ಕರೆಗಳನ್ನು ನೋಡುತ್ತ ಕೂತಿದ್ದಾನೆ. ಎರಡು ತಿಂಗಳಿನಿಂದ ಕಟ್ಟಿಕೊಂಡಿದ್ದ ಮಾತೆಲ್ಲ ಒಮ್ಮೆಗೇ ಒಡೆದು ಬಂತು.

“ಹರಿಗೋಲು ತೇಲಿ ಹೋಗೂ ಮಟಾ ಏನ್ ನೋಡ್ಕೋತ ಕುಂತಿದ್ರಿ? ಕುಂಡ್ರಿ ಹಂಗ! ಕಲ್ಲಾಗಿ ಕುಂಡ್ರಿ ಅಲ್ಲೇ!”

ಜಟ್ಟೆಪ್ಪ ತಿರುಗಿ ಏನೋ ಹೇಳಲು ಬಾಯಿ ತೆರೆದ. ತೆರೆದ ಬಾಯಿ ತೆರೆದ ಹಾಗೆಯೇ ಕಲ್ಲಾಯಿತು. ಕೈಯಲ್ಲಿದ್ದ ಹಗ್ಗವೂ ಕಲ್ಲಾಯಿತು. ಮಾಳವ್ವ ಬುತ್ತಿಯನ್ನು ಕೆಳಗೆ ಬಿಟ್ಟು, ಆ ಕಲ್ಲನ್ನು ತಬ್ಬಿಕೊಂಡು, ಎದ್ದೇಳ್ರಿ ಎದ್ದೇಳ್ರಿ ಎಂದು ಗಂಟಲು ಹರಿಯುವವರೆಗೆ ಕೂಗಿದಳು. ಮುತ್ತು ಒಡೆದು ಹೋಗಿತ್ತು.

ಕೆಳಗಿನ ತಿರುವಿನಲ್ಲಿ ಸಿಕ್ಕಿಕೊಂಡಿದ್ದ ಹರಿಗೋಲನ್ನು ಅವಳು ಮಾರನೆಯ ದಿನ ಎಳೆದು ತಂದು ಕಟ್ಟಿದಳು. ದಿನವೂ ಆ ಕಲ್ಲಿಗೆ ಹೊಳೆಯ ನೀರು ಎರೆದಳು. ಬಿಸಿಲಿಗೆ ತಲೆಯ ಮೇಲೆ ಸೆರಗಿನ ತುಂಡು ಹರಿದು ಹೊದಿಸಿದಳು. ಪಕ್ಕದಲ್ಲಿ ಕೂತು ಯೋಚಿಸಿದಳು. ಕಲ್ಲಿನ ಪಕ್ಕ ಕೂತವರಿಗೆ ಯೋಚಿಸಲು ಬೇಕಾದಷ್ಟು ಹೊತ್ತು ಇರುತ್ತದೆ. ಹೀಗೆ ಯೋಚಿಸುವಾಗ ಒಂದು ವಿಷಯ ಅವಳ ಮನಸ್ಸಿಗೆ ಬಂತು. ಆಜ್ಞೆ ಹೊರಡಿಸಿದ ದಿನದಿಂದ ಆ ದೊರೆ ಪ್ರಶ್ನೆ ಬಿಟ್ಟು ಬೇರೆ ಮಾತು ಆಡಿದ್ದನ್ನು ಯಾರೂ ಕೇಳಿಲ್ಲ. ಪ್ರಶ್ನೆ ನಿಜವೂ ಆಗುವುದಿಲ್ಲ, ಸುಳ್ಳೂ ಆಗುವುದಿಲ್ಲ. ಅಂದರೆ ತನ್ನ ಆಜ್ಞೆಗೆ ಅವನೂ ಹೆದರುತ್ತಾನೆ. ಅವನು ಹಾಗೆ ಬದುಕಬಹುದಾದರೆ ತಾನೂ ಬದುಕಬಹುದು ಎಂದುಕೊಂಡು ಮಾಳವ್ವ ಸೆರಗು ಕಟ್ಟಿ ಅರಮನೆಯ ದಾರಿ ಹಿಡಿದಳು.

“ನನ್ನ ಗಂಡನ್ನ ತಿರುಗಿ ಕೊಡ್ತೀಯೋ ಇಲ್ಲೋ?” ಎಂದು ಕೇಳಿದಳು ಗದ್ದುಗೆಯ ಮುಂದೆ. ದೇವರನ್ನು ನಾವು ಏಕವಚನದಲ್ಲೇ ಮಾತಾಡಿಸುವುದಲ್ಲವೇ, ಅವಳೂ ಹಾಗೇ ಮಾತಾಡಿಸಿದಳು.

ಎಷ್ಟೋ ದಿನಗಳ ಮೇಲೆ ಮನುಷ್ಯರ ದನಿ ಕೇಳಿ ದೊರೆಯ ಕಣ್ಣು ಹೊಳೆದವು. ಎಲ್ಲರೂ ಬಾಯಿ ಮುಚ್ಚಿದ ಮೇಲೆ ಅವನಿಗೂ ಹೊತ್ತು ಹೋಗುತ್ತಿರಲಿಲ್ಲ.

“ಪ್ರಶ್ನೆಯಲ್ಲೇ ಮಾತಾಡುವೆಯಾ? ಮೂರು ದಿನ ನನ್ನ ಮುಂದೆ ಪ್ರಶ್ನೆಯಲ್ಲದ ಒಂದು ಮಾತೂ ಆಡದೆ ಇರಬಲ್ಲೆಯಾ? ಸೋತರೆ ನಿನ್ನ ನಾಲಿಗೆ ನನಗೆ ಬರಬೇಡವೇ?”

“ಗೆದ್ರ ನನ್ನದೊಂದು ಪ್ರಶ್ನಿಗೆ ಉತ್ತರ ಕೊಡ್ತೀಯೇನು? ಪ್ರಶ್ನಿ ಅಲ್ಲದ ಉತ್ತರ?”

“ಕೊಡದೆ ಇರುತ್ತೇನೆಯೇ?” ಎಂದ ಕಪಟದೇವ. ಆ ಮಾತು ಮೀನಿನಂತೆ ಕೈಯಿಂದ ಜಾರುವಂಥದು ಎಂದು ಮಾಳವ್ವನಿಗೂ ಗೊತ್ತಿತ್ತು. ಆದರೂ ತಲೆಯಾಡಿಸಿದಳು.

ಮೊದಲ ದಿನ ಊಟಕ್ಕೆ ಕೂರಿಸಿದ. ಬಾಳೆಲೆಯ ತುಂಬ ಹೋಳಿಗೆ, ತುಪ್ಪ, ಪಾಯಸ. ತಲೆ ಬಗ್ಗಿಸಿ ಬಡಿಸುತ್ತಿದ್ದವನು ಹಳೆಯ ದೊರೆ ಸತ್ಯಕೇತುವೇ. ಕೆಂಗೂದಲಿನವನು ಅವನನ್ನು ಅವನ ಅರಮನೆಯಲ್ಲೇ ಬಡಿಸುವ ಆಳಾಗಿ ಇಟ್ಟುಕೊಂಡಿದ್ದ. ಸಿರಿವೊಳಲಿನ ಪದ್ಧತಿ ಏನೆಂದರೆ, ಉಣ್ಣುವವರು ‘ಸಾಕು’ ಎನ್ನುವವರೆಗೆ ಬಡಿಸುವವರು ನಿಲ್ಲಿಸುವಂತಿಲ್ಲ. ‘ಸಾಕು’ ಪ್ರಶ್ನೆಯಲ್ಲ. ಹೋಳಿಗೆ ಎಲೆ ತುಂಬಿತು, ಮೊಣಕಾಲು ಮುಟ್ಟಿತು, ಎದೆ ಮುಟ್ಟಿತು. ಬಿಸಿ ಪಾಯಸ ಅವಳ ಕಾಲ ಮೇಲೆ ಹರಿಯಿತು. ‘ಸಾಕು’ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮಾಳವ್ವ ತಲೆ ಎತ್ತಿ ಬಡಿಸುವವನ ಒಣಗಿದ ಮುಖ ನೋಡಿದಳು.

“ದೊರೆಗಳ, ನಿಮ್ಮದು ಊಟ ಆತೇನ್ರಿ?”

ಗದ್ದುಗೆಯಿಂದ ಇಳಿದ ದಿನದಿಂದ ಆ ಮಾತನ್ನು ಸತ್ಯಕೇತುವಿಗೆ ಯಾರೂ ಕೇಳಿರಲಿಲ್ಲ. ಅವ‌ನ ಕೈಯಿಂದ ಸೌಟು ಜಾರಿ ಬಿತ್ತು. ಅವನು ಅವಳೆದುರು ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತ. ಬಡಿಸುವುದು ಅಲ್ಲಿಗೆ ನಿಂತಿತು.

ಎರಡನೆಯ ದಿನ ಒಂದು ತೋಳ ಬಿಟ್ಟ. ತೋಳವೆಂದರೆ ಕುರಿಹಟ್ಟಿಗೆ ಬರುವ ತೋಳವಲ್ಲ. ಅದು ಬಾಯಿ ತೆರೆದರೆ ಕೆಳದವಡೆ ನೆಲಕ್ಕೂ ಮೇಲ್ದವಡೆ ಉಪ್ಪರಿಗೆಗೂ ತಾಗುತ್ತಿತ್ತು. ಇಂಥ ಹೊತ್ತಿಗೆ ನಮ್ಮ ಜನರ ಬಾಯಿಂದ ಬರುವ ಮಾತು ಒಂದೇ, ‘ಸತ್ತೆ!’ ಎಂದು. ಕಪಟದೇವ ಕಾದದ್ದೂ ಆ ಮಾತಿಗೇ. ಮಾಳವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬಿಸಿಯುಸಿರು ಮುಖಕ್ಕೆ ಹೊಡೆಯಿತು. ಕಣ್ಣು ತೆರೆದರೆ, ತೋಳದ ಕೊರಳ ಸುತ್ತ ರೇಷ್ಮೆ ದಾರ ಬಿಗಿದಂಥ ಒಂದು ಗಾಯದ ಗೆರೆ. ಕಟ್ಟಿಹಾಕಿದ ದನಕರುಗಳ ಕೊರಳಲ್ಲಿ ಅಂಥ ಗೆರೆಯನ್ನು ಅವಳು ಎಷ್ಟೋ ಸಲ ನೋಡಿದ್ದಳು. ಸೆರಗನ್ನು ಬಾಯಿಂದ ತೆಗೆದಳು.

“ಯಾರಪ್ಪ ನಿನ್ನ ಇಷ್ಟ ಬಿಗಿಯಾಗಿ ಕಟ್ಟಿದವರು? ಇನ್ನೂ ನೋವು ಐತೇನು?”

ತೋಳ ಬಾಯಿ ಮುಚ್ಚಿತು. ಅವಳ ಕಾಲ ಬಳಿ ಮಲಗಿ, ಕೊರಳನ್ನು ಅವಳ ಕೈಗೆ ಒಡ್ಡಿತು. ಮಾಳವ್ವ ತಲೆ ಎತ್ತಿ ನೋಡಿದಳು. ಗದ್ದುಗೆಯ ಮೇಲೆ ಕೂತವನು ಮುಖವನ್ನು ಆಚೆ ತಿರುಗಿಸಿಕೊಂಡಿದ್ದ. ಅದು ಸ್ವಂತ ಮಗುವಿನ ಗಾಯವನ್ನು ನೋಡಲಾರದ ತಂದೆಯ ಮುಖ. ಮಾಳವ್ವನಿಗೆ ಆಶ್ಚರ್ಯವಾಯಿತು.

ಮೂರನೆಯ ದಿನ ಅವನು ಆಸ್ಥಾನಕ್ಕೆ ಬರಲೇ ಇಲ್ಲ. ಮಾಳವ್ವ ಒಬ್ಬಳೇ ಕೂತು ಕಾದಳು. ಹೊತ್ತು ಮುಳುಗಲು ಒಂದು ಗಳಿಗೆ ಇದೆ ಎನ್ನುವಾಗ ಬಾಗಿಲಲ್ಲಿ ಜಟ್ಟೆಪ್ಪ ನಿಂತಿದ್ದ. ಅದೇ ಮಾಸಿದ ರುಮಾಲು, ಬಿಸಿಲಿಗೆ ಸುಟ್ಟ ಅದೇ ಭುಜ, ಕೈಯಲ್ಲಿ ಅದೇ ಹಗ್ಗದ ತುದಿ. ಅವನು ಬಂದು ಅವಳೆದುರು ಕೂತು, ಅವಳ ಕೈ ಹಿಡಿದುಕೊಂಡು ಕೇಳಿದ, “ಒಮ್ಮೆರೆ ನನ್ನ ಹೆಸರು ಹೇಳಲ್ಲಾ?”

ಮಾಳವ್ವನ ಎದೆ ಒಡೆಯಿತು. ಇಪ್ಪತ್ತು ವರ್ಷ ಕೇಳಿ ಕೇಳಿ ಬೇಸರವಾಗದ ಪ್ರಶ್ನೆ. ಮದುವೆಯ ದಿನವೇ ಕಟ್ಟಿ, ನಾಲಿಗೆಯ ಕೆಳಗೆ ಬಚ್ಚಿಟ್ಟುಕೊಂಡಿದ್ದ ಒಡಪು ತಾನಾಗಿಯೇ ಮೇಲೆದ್ದು ಬಂತು. ಇದು ಮೋಸವೆಂದು ಅವಳ ಬುದ್ಧಿ ಹೇಳುತ್ತಿತ್ತು. ಆದರೆ ಮುಂದೆ ಕೂತವನ ಮುಖ ಅವಳ ಗಂಡನದು. ತುಟಿ ಬಿಚ್ಚಿದಳು. ಆಗ ಅವಳ ಕಣ್ಣಿಂದ ಒಂದು ಹನಿ ಉದುರಿ ಅವನ ಕೈಯ ಮೇಲೆ ಬಿತ್ತು.

ಅವನು ಬೆಚ್ಚಿ ಕೈ ಎಳೆದುಕೊಂಡ. ಕಣ್ಣು ಪಕ್ಕಕ್ಕೆ ಹೊರಳಿ, ಅಲ್ಲಿ ಇಲ್ಲದ ಯಾರನ್ನೋ ಹುಡುಕಿದವು. ಹೊಳೆಯ ನಡುವೆ ನೋಡಿದ್ದು ಮಾಳವ್ವನಿಗೆ ನೆನಪಾಯಿತು. ಒಡಪನ್ನು ನುಂಗಿಕೊಂಡಳು. ಹೊರಗೆ ಹೊತ್ತು ಮುಳುಗಿತು. ಗೆದ್ದು ಪಡೆದ ಒಂದು ಪ್ರಶ್ನೆಯಲ್ಲಿ ಅವಳು ಗಂಡನನ್ನು ಕೇಳಬಹುದಿತ್ತು, ನಾಡನ್ನು ಕೇಳಬಹುದಿತ್ತು. ಅವಳು ಕೇಳಿದ್ದೇ ಬೇರೆ.

“ನಿನಗ ಬಟ್ಟಲ ಹಿಡಿಯಾಕಿ ಯಾರು?”

ಜಟ್ಟೆಪ್ಪನ ರೂಪ ಕರಗಿ ಹೋಯಿತು. ಕೆಂಪು ಕೂದಲು, ಸುಟ್ಟ ಕೆನ್ನೆ. ಆಮೇಲೆ, ಆಜ್ಞೆ ಹೊರಡಿಸಿದಂದಿನಿಂದ ಮೊದಲ ಸಲ, ಪ್ರಶ್ನೆಯಲ್ಲದ ಮಾತೊಂದು ಅವನ ಬಾಯಿಂದ ಬಂತು.

“ನನ್ನ ಹೆಂಡತಿ.”

ಒಂದು ಮಾತು ಹೊರಬಿದ್ದ ಮೇಲೆ ಉಳಿದವು ನಿಲ್ಲಲಿಲ್ಲ. “ನನ್ನವರು ನನ್ನನ್ನು ಗವಿಯೊಳಗೆ ಬಂಡೆಗೆ ಬಿಗಿದರು. ತಲೆಯ ಮೇಲೆ ಒಂದು ಹಾವು ಕಟ್ಟಿದರು. ಅದರ ಬಾಯಿಂದ ವಿಷ ಹನಿ ಹನಿಯಾಗಿ ಮುಖದ ಮೇಲೆ ಬೀಳುತ್ತಿತ್ತು. ಅವಳು ಪಕ್ಕದಲ್ಲಿ ಕೂತು ಬಟ್ಟಲು ಹಿಡಿಯುತ್ತಿದ್ದಳು. ಯುಗಗಟ್ಟಲೆ ಹಿಡಿದಳು. ಬಟ್ಟಲು ತುಂಬಿದಾಗ ಚೆಲ್ಲಲು ಎದ್ದು ಹೋಗುತ್ತಿದ್ದಳು. ಹಾಗೆ ಹೋದಾಗಲೇ ಒಂದು ದಿನ ನಾನು ಕಟ್ಟು ಕಿತ್ತುಕೊಂಡು ಓಡಿಬಂದೆ. ಅವಳಿಗೆ ಹೇಳಲಿಲ್ಲ.”

“ಅಕಿ ಈಗ ಎಲ್ಲಿ ಅದಾಳ?” ಎಂದಳು ಮಾಳವ್ವ. ಅವಳ ದನಿಯಲ್ಲಿ ಜಗಳವಿರಲಿಲ್ಲ. ಕಲ್ಲಿನ ಪಕ್ಕ ಕೂತವಳಿಗೆ ಇನ್ನೊಬ್ಬಳ ಕತೆ ಬಿಡಿಸಿ ಹೇಳಬೇಕೇ?

“ಅಲ್ಲೇ ಇದ್ದಾಳೆ. ಖಾಲಿ ಬಂಡೆಯ ಮುಂದೆ ಬಟ್ಟಲು ಹಿಡಿದುಕೊಂಡು ಕಾಯುತ್ತಾ ಕೂತಿದ್ದಾಳೆ.”

ಹೇಳಿದ ಮೇಲೆ ತಾನು ಹೇಳಿದ್ದೇನು ಎಂದು ಅವನಿಗೇ ತಿಳಿಯಿತು. ಅವಳು ಎದ್ದು ಹೋಗಿರಬಹುದಲ್ಲವೇ, ಮರೆತಿರಬಹುದಲ್ಲವೇ ಎಂದು ಅವನು ಇಷ್ಟು ದಿನ ತನ್ನನ್ನೇ ಕೇಳಿಕೊಂಡು ಬದುಕಿದ್ದ. ಈಗ ಆಡಿದ ಮಾತೆಲ್ಲ ನಿಜವಾಗುವ ನಾಡಿನಲ್ಲಿ, ತನ್ನ ಬಾಯಿಂದಲೇ ಅದನ್ನು ಆಡಿದ್ದ. ಅವಳು ಕಾಯುತ್ತಿರುವುದು ನಿಜವಾಗಿತ್ತು. ಅದನ್ನು ಅಳಿಸುವ ಮಾತು ಯಾವ ಲೋಕದಲ್ಲೂ ಇರಲಿಲ್ಲ.

ಕಪಟದೇವ ಗದ್ದುಗೆಯ ಕಡೆ ನೋಡಲೂ ಇಲ್ಲ. ಎದ್ದು ನಿಂತು, “ಹೋಗುತ್ತೇನೆ,” ಎಂದ.

ಮಾಳವ್ವ ಅವನನ್ನು ಹರಿಗೋಲಿಗೆ ಹತ್ತಿಸಿಕೊಂಡಳು. ಪಡುವಣದ ಕೆಂಪು ಇನ್ನೂ ನೀರಿನ ಮೇಲಿತ್ತು. ಈಚೆ ದಂಡೆಯಲ್ಲಿ ಜಟ್ಟೆಪ್ಪನ ಕಲ್ಲು ಬಾಯಿ ತೆರೆದುಕೊಂಡು ಕೂತಿತ್ತು. ಕೆಂಗೂದಲಿನವನ ಮೇಲೆ ಹನಿ ಬೀಳದಿರಲೆಂದು ಅವಳು ಹುಟ್ಟನ್ನು ಮೇಲೆತ್ತದೆ ನೀರೊಳಗೇ ಆಡಿಸಿದಳು.

ಆಚೆ ದಂಡೆ ಮುಟ್ಟಿತು. ಅವನು ಒಂದು ಕಾಲನ್ನು ಮರಳಿನ ಮೇಲಿಟ್ಟ. ಇನ್ನೊಂದು ಕಾಲು ಇನ್ನೂ ಸಿರಿವೊಳಲಿನ ಹರಿಗೋಲಿನಲ್ಲೇ ಇತ್ತು. ಹಾಗೇ ನಿಂತು ತಿರುಗಿ ನೋಡಿದ.

“ನನಗೆ ಏನೂ ಹೇಳಿ ಕಳಿಸುವುದಿಲ್ಲವೇ, ಅಂಬಿಗಿತ್ತಿ?”

ಅವನ ಮುಖದಲ್ಲಿ ದುಃಖವಿತ್ತು, ಅದು ಸುಳ್ಳಲ್ಲ. ಕಣ್ಣಿನ ಮೂಲೆಯಲ್ಲಿ ಹಳೆಯ ಕಿಡಿಯೊಂದೂ ಇತ್ತು, ಅದೂ ಸುಳ್ಳಲ್ಲ. ಹುಟ್ಟು ಗುಣ ಸುಟ್ಟರೂ ಹೋಗುವುದಿಲ್ಲ. ಮಾಳವ್ವ ಇಪ್ಪತ್ತು ವರ್ಷದಲ್ಲಿ ಯಾರನ್ನೂ ಬರಿಬಾಯಲ್ಲಿ ಕಳಿಸಿದವಳಲ್ಲ. ಮೇಲಾಗಿ ಅವನನ್ನು ನೋಡಿ ಅವಳಿಗೆ ಕರುಳು ಚುರುಕ್ಕೆಂದಿತ್ತು. ಪಳಗಿದ ನಾಲಿಗೆ ಅವಳನ್ನು ಕೇಳದೆಯೇ ಹೊರಟುಬಿಟ್ಟಿತು.

“ಹೋಗಿ ಬ...”

ಕರೆದರೆ ಸಾಕು ಮತ್ತೆ ಬರಬಲ್ಲವನ ತುಟಿಯಲ್ಲಿ ನಗು ಮೂಡಿತು. ಮಾಳವ್ವನ ಕಣ್ಣು ಈಚೆ ದಂಡೆಯ ಕಲ್ಲಿನ ಮೇಲೆ ಬಿತ್ತು. ಆಡಿದ ಅಕ್ಷರ ಹಿಂದಕ್ಕೆ ಬರುವಂತಿಲ್ಲ. ಬಾರದಿದ್ದರೆ ಬೇಡ, ಮುಂದಿನದು ಇನ್ನೂ ತನ್ನ ಬಾಯೊಳಗೇ ಇದೆ.

“ಹೋಗಿ ಬಟ್ಟಲ ಇಸ್ಕೋ ಅಕಿ ಕೈಯಾಗಿಂದು. ಬಾಳ ದಣದಿರ್ತಾಳ.”

ಕಪಟದೇವ ಅವಳನ್ನು ದಿಟ್ಟಿಸಿದ. ಆಮೇಲೆ ನಕ್ಕ. ಯಾರ ಕೇಡನ್ನೂ ಕಾಯದ ನಗು ಅವನ ಬಾಯಿಂದ ಬಂದದ್ದು ಆ ಲೋಕದಲ್ಲೂ ಈ ಲೋಕದಲ್ಲೂ ಅದೇ ಮೊದಲು. ಎರಡನೆಯ ಕಾಲನ್ನೂ ಮರಳಿಗೆ ಇಟ್ಟು, ಬಡಗಣ ದಿಕ್ಕಿಗೆ ನಡೆದುಹೋದ. ಎಲ್ಲಿಂದಲೋ ಬಂದ ಅದೇ ತೋಳ ಹೊಳೆ ಈಜಿ ಅವನ ಹಿಂದೆ ಹೋಯಿತು.

ಅವನು ನಾಡಿನಿಂದ ಕಾಲು ತೆಗೆದದ್ದೇ ತಡ, ಅವನ ಆಜ್ಞೆ ಬಿದ್ದುಹೋಯಿತು. ಸುಟ್ಟ ಕೇರಿ ಎದ್ದು ನಿಂತಿತು. ಬೀದಿಯ ಅಕ್ಕಿ ಗಡಿಗೆಯ ತಳಕ್ಕೆ ಇಳಿಯಿತು. ಹನ್ನೆರಡು ತಾಯಂದಿರ ತೊಡೆಯ ಮೇಲೆ ಹನ್ನೆರಡು ಮಕ್ಕಳು ಹಸಿವು ಎಂದು ಅತ್ತವು. ತಾಯಂದಿರು ಅವನ್ನು ಬಂಗಾರ ಎಂದರು, ಬೆಲ್ಲ ಎಂದರು, ಅತ್ತು ನಕ್ಕು ಬಾಯಿಗೆ ಬಂದದ್ದೆಲ್ಲ ಅಂದರು. ಯಾವುದೂ ನಿಜವಾಗಲಿಲ್ಲ. ಇಡೀ ಊರು ಒಮ್ಮೆಗೇ ಮಾತಾಡಿದ ಗದ್ದಲಕ್ಕೆ ಹೊಳೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

ಮಾಳವ್ವ ಈಚೆ ದಂಡೆಯ ಹತ್ತಿರ ಬಂದಾಗ ಜಟ್ಟೆಪ್ಪ ಹಗ್ಗದ ತುದಿ ಹಿಡಿದುಕೊಂಡು ಎದ್ದು ನಿಂತಿದ್ದ. ಕಲ್ಲಾಗುವಾಗ ಬಾಯಿ ತೆರೆದಿದ್ದನಲ್ಲ, ಆ ಮಾತನ್ನು ಈಗ ಆಡಿ ಮುಗಿಸಿದ.

“ತಪ್ಪಾತು.”

ಮಾಳವ್ವ ಹುಟ್ಟನ್ನು ಬಿಸಾಡಿ, ನೀರಿಗೆ ಇಳಿದು, ಬಿದ್ದು ಎದ್ದು ಓಡಿಬಂದಳು. ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು. ಆಮೇಲೆ ಅದೇ ಎದೆಗೆ ಮುಖ ಒತ್ತಿಕೊಂಡು ಅತ್ತಳು. ಏನು ನಡೆಯಿತೆಂದು ತಿಳಿಯದ ಜಟ್ಟೆಪ್ಪ ತನ್ನ ತಲೆಯನ್ನು ಮುಟ್ಟಿಕೊಂಡು, ಅದರ ಮೇಲಿದ್ದ ಅವಳ ಸೆರಗಿನ ತುಂಡನ್ನು ನೋಡಿದ. ಏನೂ ಕೇಳಲಿಲ್ಲ. ಅಂದು ಯುಗಾದಿಯೂ ಆಗಿರಲಿಲ್ಲ. ಮಾಳವ್ವ ಕಣ್ಣೊರೆಸಿಕೊಂಡು, ತಲೆ ಬಗ್ಗಿಸಿ, ಮದುಮಗಳ ದನಿಯಲ್ಲಿ ಹೇಳಿದಳು:

“ತುಂಬಿದ ಹೊಳಿಯಾಗ ಹರಿಗೋಲು ನಡಿಸೇನಿ,
ದಂಡೀಯ ಕಲ್ಲಿಗಿ ದಿನ ನೀರ ಎರದೇನಿ,
ಜಟ್ಟೆಪ್ಪನ ಹೆಸರ ಮುತ್ತಿನಂಗ ಕಾದೇನಿ.”

ಜಟ್ಟೆಪ್ಪ ಆ ಸೆರಗಿನ ತುಂಡನ್ನು ಮಡಿಸಿ ಅವಳ ಹೆಗಲ ಮೇಲಿಟ್ಟ. ಕೊನೆಗೆ, “ಹೂಂ,” ಎಂದ.

ಹೆಸರು ಹೇಳಿದ್ದಕ್ಕೆ ಅವನ ಆಯುಷ್ಯವೇನೂ ಕಡಿಮೆಯಾಗಲಿಲ್ಲ. ಮೊಮ್ಮಕ್ಕಳ ಮೊಮ್ಮಕ್ಕಳನ್ನು ಹರಿಗೋಲಿನಲ್ಲಿ ದಾಟಿಸುವವರೆಗೆ ಅವರಿಬ್ಬರೂ ಬದುಕಿದರು. ಸತ್ಯಕೇತು ಮತ್ತೆ ಗದ್ದುಗೆ ಏರಿದ. ಏರಿದ ಮೇಲೂ ಬಡಿಸುವವರಿಗೆ ಊಟವಾಯಿತೇ ಎಂದು ಕೇಳದೆ ಅವನು ಎಲೆಗೆ ಕೈ ಹಾಕಲಿಲ್ಲ. ಬಡಗಣ ನಾಡಿನ ಆ ಗವಿಯಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಆದರೆ ಅವನು ಮತ್ತೆ ಈ ಕಡೆ ಬರಲಿಲ್ಲ. ಸಿರಿವೊಳಲಿನ ಜನ ಈಗಲೂ ದೀಪವನ್ನು ದೊಡ್ಡದು ಮಾಡುತ್ತಾರೆ, ಹೊರಟವರಿಗೆ ಹೋಗಿ ಬನ್ನಿ ಎನ್ನುತ್ತಾರೆ. ಅನ್ನುವ ಮೊದಲು ಒಮ್ಮೆ ಮುಖ ನೋಡುತ್ತಾರೆ, ಅಷ್ಟೇ.

ನನ್ನ ಕತೆಯ ಹರಿಗೋಲೂ ಇಲ್ಲಿಗೆ ದಂಡೆ ಮುಟ್ಟಿತು. ನಿಮ್ಮ ಮುಖ ನಾನು ಆಗಲೇ ನೋಡಿದ್ದೇನೆ. ಹೋಗಿ ಬನ್ನಿ.